ಏರ್ ಪ್ಲಾಂಟ್ ಬುಡ ಕಪ್ಪಾಗಿ ಎಲೆ ಕಿತ್ತು ಬಂತು, ನೀರು ಜಾಸ್ತಿ ಆಯ್ತಾ?

ಓದುಗರ ಪ್ರಶ್ನೆ: ಗಾಜಿನ ಗೋಳದೊಳಗೆ ಪಾಚಿ ಹಾಸಿ ಒಂದು ಏರ್ ಪ್ಲಾಂಟ್ ಇಟ್ಟಿದ್ದೆ. ವಾರಕ್ಕೊಮ್ಮೆ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸುತ್ತಿದ್ದೆ, ಅಷ್ಟೇ. ಎರಡು ತಿಂಗಳು ಚೆನ್ನಾಗಿತ್ತು. ಮೊನ್ನೆ ಎತ್ತಿ ನೋಡಿದರೆ ಬುಡ ಕಪ್ಪಾಗಿದೆ, ಮುಟ್ಟಿದ ಕೂಡಲೇ ಎಲೆಗಳೆಲ್ಲ ಕಿತ್ತು ಕೈಗೆ ಬಂದವು. ಗಾಳಿಯಲ್ಲೇ ಬದುಕುವ ಗಿಡ ಅಂತಾರಲ್ವಾ, ಇದಕ್ಕೆ ನೀರೇ ಕೊಡಬಾರದಿತ್ತಾ?

ಉತ್ತರ: ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಈ ಗಿಡ ಮೇಲಿನಿಂದ ಹಸಿರಾಗೇ ಕಾಣುತ್ತಿರುತ್ತದೆ, ಒಳಗೆ ಸುಳಿ ಕೊಳೆತು ಹೋಗಿರುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಆದರೆ ನೀರು ಕೊಟ್ಟಿದ್ದು ತಪ್ಪಲ್ಲ. ನಿಜ ಹೇಳಬೇಕೆಂದರೆ ವಾರಕ್ಕೊಮ್ಮೆ ಚಿಮುಕಿಸಿದರೆ ಅದಕ್ಕೆ ಸಾಲುವುದೂ ಇಲ್ಲ. ಕೊಟ್ಟ ನೀರು ಒಣಗಲಿಲ್ಲ, ಅದಕ್ಕೇ ಕೊಳೆಯಿತು. ಒಣಗದೇ ಇದ್ದದ್ದಕ್ಕೆ ಕಾರಣ ಆ ಗೋಳ ಮತ್ತು ಆ ಪಾಚಿ.

ಹೆಸರೇ ದಾರಿ ತಪ್ಪಿಸುತ್ತದೆ. ಏರ್ ಪ್ಲಾಂಟ್ ಅಂದರೆ ಟಿಲ್ಲಾಂಡ್ಸಿಯಾ ಜಾತಿಯ ಗಿಡಗಳು, ಅನಾನಸ್ ಕುಟುಂಬಕ್ಕೆ ಸೇರಿದವು. ಇವುಗಳಲ್ಲಿ 600ಕ್ಕೂ ಹೆಚ್ಚು ಬಗೆಗಳಿವೆ. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು, ಅಲ್ಲಿಂದ ಕೆಳಗೆ ಅರ್ಜೆಂಟೀನಾವರೆಗೆ ಮರದ ಕೊಂಬೆಗಳ ಮೇಲೆ, ಬಂಡೆಗಳ ಮೇಲೆ, ಕೆಲವು ಕಡೆ ಕರೆಂಟ್ ತಂತಿಗಳ ಮೇಲೂ ಬೆಳೆಯುತ್ತವೆ. ಬಂದಳಿಕೆಯ ಹಾಗೆ ಮರದ ಸಾರ ಹೀರುವುದಿಲ್ಲ, ಬೇರಿನಿಂದ ಸುಮ್ನೆ ಹಿಡಿದುಕೊಂಡು ಕೂತಿರುತ್ತವೆ. ಮಳೆ, ಮಂಜು, ಇಬ್ಬನಿ, ಗಾಳಿಯಲ್ಲಿ ಬರುವ ಧೂಳು, ಇಷ್ಟೇ ಅವುಗಳ ಜೀವನ. ಅಂದರೆ ಮಣ್ಣು ಬೇಡ, ನೀರು ಬೇಕೇ ಬೇಕು.

ನೀವು ಅಂದುಕೊಂಡ ಹಾಗೆ ಹಿಂದೆ ದೊಡ್ಡವರೂ ಅಂದುಕೊಂಡಿದ್ದರು. ಎಲಿಯಾಸ್ ಟಿಲ್ಲಾಂಡ್ಸ್ ಅಂತ 17ನೇ ಶತಮಾನದ ಒಬ್ಬ ವೈದ್ಯ ಇದ್ದರು, ಸಸ್ಯಶಾಸ್ತ್ರವನ್ನೂ ಬಲ್ಲವರು. ಅವರಿಗೆ ಸಮುದ್ರ ಪ್ರಯಾಣ ಎಷ್ಟು ಹಿಂಸೆಯಾಯಿತೆಂದರೆ, ವಾಪಸ್ ಬರುವಾಗ ಹಡಗು ಹತ್ತದೆ ಕೊಲ್ಲಿಯನ್ನು ಸುತ್ತಿಕೊಂಡು ನೆಲದ ಮೇಲೇ ಬಂದರು ಅಂತ ಕಥೆ ಇದೆ. ಮುಂದೆ ಸಸ್ಯಗಳಿಗೆ ಹೆಸರಿಡುವ ಪದ್ಧತಿ ತಂದ ಕಾರ್ಲ್ ಲಿನೇಯಸ್, ಈ ಗಿಡಗಳಿಗೂ ನೀರು ಕಂಡರೆ ಆಗುವುದಿಲ್ಲ ಎಂದುಕೊಂಡು ಅವರ ಹೆಸರನ್ನೇ ಇಟ್ಟರು.

ಈಗ ಇದು ನೀರು ಕುಡಿಯುವ ರೀತಿ ನೋಡೋಣ, ಇದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಎಲೆಯ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಿ ಬಣ್ಣದ ಪುಡಿ ಕಾಣುತ್ತದಲ್ಲ, ಅದು ಧೂಳಲ್ಲ, ದಯವಿಟ್ಟು ಒರೆಸಬೇಡಿ. ಅವು ಟ್ರೈಕೋಮ್ ಎನ್ನುವ ಪುಟ್ಟ ಪುಟ್ಟ ಹುರುಪೆಗಳು, ಗಿಡದ ಬಾಯಿ ಅಂದರೂ ನಡೆಯುತ್ತದೆ. ಒಣಗಿದಾಗ ರೆಕ್ಕೆ ಎತ್ತಿದ ಹಾಗೆ ಎದ್ದು ನಿಂತು ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ. ನೀರು ತಾಗಿದ ಕೂಡಲೇ ಎಲೆಗೆ ಅಂಟಿಕೊಂಡು, ನೀರನ್ನು ಒಳಕ್ಕೆ ಎಳೆದುಕೊಂಡು, ಪಾರದರ್ಶಕವಾಗುತ್ತವೆ. ಅದಕ್ಕೇ ಒದ್ದೆಯಾದ ಗಿಡ ಒಂದೆರಡು ನಿಮಿಷದಲ್ಲಿ ಬೂದು ಬಣ್ಣದಿಂದ ಹಚ್ಚ ಹಸಿರಿಗೆ ತಿರುಗುತ್ತದೆ. ನನಗೆ ಇವತ್ತಿಗೂ ಅದನ್ನು ನೋಡುತ್ತಾ ಕೂರುವುದು ಇಷ್ಟ.

ಇದರ ಇನ್ನೊಂದು ವಿಶೇಷ ರಾತ್ರಿಯದ್ದು. ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ರಂಧ್ರಗಳನ್ನು ತೆರೆದು ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ಏರ್ ಪ್ಲಾಂಟ್‌ಗಳು ನೀರು ಉಳಿಸಲೆಂದು ಹಗಲು ಬಾಗಿಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಆ ಹೊತ್ತಿನಲ್ಲಿ ಎಲೆಯ ಮೇಲೆ ನೀರಿನ ಪದರ ಕೂತಿದ್ದರೆ ಗಾಳಿ ಒಳಗೆ ಹೋಗುವುದಾದರೂ ಹೇಗೆ? ಸಂಜೆ ನೀರು ಕೊಟ್ಟು ಮಲಗಿದರೆ ಗಿಡದ ಮೂಗು ಮುಚ್ಚಿದ ಹಾಗೆ. ಬೆಳಗ್ಗೆ ಕೊಡಿ, ಸಂಜೆಯೊಳಗೆ ಪೂರ್ತಿ ಒಣಗಿರಲಿ. ನನ್ನ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಒಣಗಿದರೆ ಆ ಜಾಗ ಒಳ್ಳೆಯದು.

ಹಾಗಾಗಿ ಎಲ್ಲಿ ಇಡುತ್ತೇವೆ ಅನ್ನುವುದು ಬರೀ ಅಂದದ ಮಾತಲ್ಲ, ಗಿಡದ ಅರ್ಧ ಆರೈಕೆ ಅದರಲ್ಲೇ ಇದೆ. ಗಾಜಿನ ಗೋಳ ಚಿತ್ರದಲ್ಲಿ ತುಂಬಾ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಒಂದೇ ಒಂದು ತೂತು ಇರುವ ಗೋಳದಲ್ಲಿ ಗಾಳಿ ಆಡುವುದಿಲ್ಲ, ಬಿಸಿಲು ಬಿದ್ದರೆ ಒಳಗೆ ಕಾವು ಏರುತ್ತದೆ, ಚಿಮುಕಿಸಿದ ನೀರು ಆವಿಯಾಗಿ ಅಲ್ಲಲ್ಲೇ ಸುತ್ತುತ್ತದೆ. ಅದರ ಮೇಲೆ ಪಾಚಿ ಬೇರೆ. ಪಾಚಿ ನೀರನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಗಿಡದ ಬುಡ ಒದ್ದೆ ಬಟ್ಟೆಯ ಮೇಲೆ ಕೂತ ಹಾಗಾಗುತ್ತದೆ. ನೀವು ಕೊಟ್ಟ ಸ್ವಲ್ಪ ನೀರು ಎಲೆಗೆ ಸಾಲಲಿಲ್ಲ, ಬುಡಕ್ಕೆ ಜಾಸ್ತಿಯಾಯಿತು.

ಹಾಗಾದರೆ ಎಲ್ಲಿಡಬೇಕು? ಒಣಗಿದ ಕೊಂಬೆ, ಒರಟು ಕಲ್ಲು, ಶಂಖ, ಜಾಲರಿ, ತಂತಿಯ ಸ್ಟ್ಯಾಂಡ್, ಗೋಡೆಗೆ ತೂಗುಹಾಕಿದ ಮರದ ಹಲಗೆ, ಯಾವುದಾದರೂ ಆಗುತ್ತದೆ, ಆದರೆ ಬುಡದ ಸುತ್ತ ಗಾಳಿ ಆಡಬೇಕು, ನೀರು ನಿಲ್ಲಬಾರದು. ಶಂಖದಲ್ಲಿ ಇಡುವುದಾದರೆ ಬಾಯಿ ಮೇಲಕ್ಕೆ ಮಾಡಿ ಬಟ್ಟಲಿನ ಹಾಗೆ ಇಡಬೇಡಿ, ಬಾಯಿ ಕೆಳಕ್ಕಿರಲಿ. ನನ್ನ ಮಟ್ಟಿಗೆ ಕಟ್ಟದೆ, ಅಂಟಿಸದೆ ಸುಮ್ನೆ ಇಟ್ಟಿರುವುದೇ ಒಳ್ಳೆಯದು, ಎತ್ತಿ ನೀರಿಗೆ ಹಾಕಿ ಮತ್ತೆ ಇಡಬಹುದು. ಕಟ್ಟಲೇಬೇಕು ಅಂದರೆ ಮೀನು ಹಿಡಿಯುವ ನೈಲಾನ್ ದಾರ ಸಾಕು, ಸಡಿಲವಾಗಿರಲಿ. ತಾಮ್ರದ ತಂತಿ ಮಾತ್ರ ಬೇಡವೇ ಬೇಡ. ನೋಡಲು ಎಷ್ಟೇ ಚೆಂದ ಇದ್ದರೂ ತಾಮ್ರ ಈ ಗಿಡಗಳಿಗೆ ವಿಷ, ಎಲೆಯ ಮೂಲಕ ಒಳಗೆ ಹೋಗಿ ಕೊಲ್ಲುತ್ತದೆ.

ಬೆಳಕು ಚೆನ್ನಾಗಿ ಬರುವ ಕಿಟಕಿಯ ಹತ್ತಿರ, ಒಂದು ಮೀಟರಿನೊಳಗೆ ಇಡಿ. ಬೆಳಗಿನ ಎಳೆ ಬಿಸಿಲು ಬಿದ್ದರೆ ಒಳ್ಳೆಯದೇ, ಗಾಜಿನ ಮೂಲಕ ಬರುವ ಮಧ್ಯಾಹ್ನದ ಬಿಸಿಲು ಸುಡುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ತೇವ ಇರುತ್ತದೆ ಅಂತ ಇಡುವವರಿದ್ದಾರೆ, ಬೆಳಕಿಲ್ಲದಿದ್ದರೆ ತೇವ ಏನು ಮಾಡೀತು?

ನೀರು ಕೊಡುವುದು ಹೀಗೆ. ವಾರಕ್ಕೊಮ್ಮೆ ಬೆಳಗ್ಗೆ ಒಂದು ಬೋಗುಣಿಯಲ್ಲಿ ನೀರು ತುಂಬಿ ಗಿಡವನ್ನು 20ರಿಂದ 30 ನಿಮಿಷ ಮುಳುಗಿಸಿಡಿ. ಆಮೇಲೆ ಎತ್ತಿ, ತಲೆಕೆಳಗು ಮಾಡಿ, ಎಲೆಗಳ ಸಂದಿಯಲ್ಲಿ ನಿಂತ ನೀರು ಹೋಗುವ ಹಾಗೆ ಚೆನ್ನಾಗಿ ಕೊಡವಿ. ಇದನ್ನು ಬಿಡಲೇಬೇಡಿ, ಅರ್ಧದಷ್ಟು ಗಿಡಗಳು ಉಳಿಯುವುದು ಈ ಒಂದು ಕೊಡವುವಿಕೆಯಿಂದ ಅಂತ ನನ್ನ ನಂಬಿಕೆ. ಒಂದು ಟವೆಲ್ ಮೇಲೆ ಗಾಳಿಯಾಡುವ ಕಡೆ ಪಕ್ಕಕ್ಕೆ ಮಲಗಿಸಿ, ಬೇಕಿದ್ದರೆ ಫ್ಯಾನ್ ಹಾಕಿ, ಪೂರ್ತಿ ಒಣಗಿದ ಮೇಲೇ ಅದರ ಜಾಗಕ್ಕೆ ವಾಪಸ್ ಇಡಿ. ಗಾಳಿ ತುಂಬಾ ಒಣ ಇದ್ದರೆ, ಅಥವಾ ಏಸಿ, ಹೀಟರ್ ಓಡುತ್ತಿದ್ದರೆ ಮಧ್ಯೆ ಒಂದೆರಡು ಸಲ ಚಿಮುಕಿಸಿ. ತೇವದ ದಿನಗಳಲ್ಲಿ ಹತ್ತು ದಿನಕ್ಕೊಮ್ಮೆ ಮುಳುಗಿಸಿದರೂ ಸಾಕು. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಗಡಸು ನೀರಾದರೆ ಎಲೆಯ ಮೇಲೆ ಬಿಳಿ ಉಪ್ಪು ಕಟ್ಟಿ ಟ್ರೈಕೋಮ್‌ಗಳು ಮುಚ್ಚಿಹೋಗುತ್ತವೆ, ಎಲೆಯ ತುದಿ ಕಂದಾಗುತ್ತದೆ. ಉಪ್ಪು ಬಳಸುವ ಸಾಫ್ಟ್‌ನರ್‌ನಿಂದ ಬಂದ ನೀರಂತೂ ಇನ್ನೂ ಕೆಟ್ಟದ್ದು. ಗೊಬ್ಬರ ಕಡ್ಡಾಯವಲ್ಲ, ಕೊಡುವುದಾದರೆ ಆರ್ಕಿಡ್ ಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ್ದರ ಕಾಲು ಭಾಗ ಹಾಕಿ ತಿಂಗಳಿಗೊಮ್ಮೆ.

ಎಲ್ಲಾ ಬಗೆಗೂ ಇದೇ ನಿಯಮ ಅಲ್ಲ. ಟೆಕ್ಟೋರಮ್ ಅಂತ ಹತ್ತಿಯ ಹಾಗೆ ಬೆಳ್ಳಗಿರುವ ಒಂದಿದೆ, ಪೆರು ಮತ್ತು ಎಕ್ವಡಾರ್‌ನ ಒಣ ಬೆಟ್ಟಗಳದ್ದು. ಅದನ್ನು ಮುಳುಗಿಸಿಡಬೇಡಿ, ಚಿಮುಕಿಸಿದರೆ ಸಾಕು. ಸುರುಳಿ ಸುರುಳಿ ಎಲೆಯ ದೊಡ್ಡ ಜೆರೋಗ್ರಾಫಿಕಾವನ್ನು ಒಮ್ಮೆ ಅದ್ದಿ ತೆಗೆದು ಕೊಡವಿ. ಇದನ್ನು ಕಾಡಿನಿಂದ ಕಿತ್ತು ಮಾರುವುದು ಜಾಸ್ತಿಯಾದ್ದರಿಂದ ಈಗ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇದೆ, ಕೊಳ್ಳುವಾಗ ನರ್ಸರಿಯಲ್ಲೇ ಬೆಳೆದದ್ದಾ ಅಂತ ಕೇಳಿ. ಬಲ್ಬೋಸಾದ ಬುಡ ಈರುಳ್ಳಿಯ ಹಾಗೆ ಉಬ್ಬಿರುತ್ತದೆ, ಒಳಗೆ ಟೊಳ್ಳು. ಕಾಡಿನಲ್ಲಿ ಆ ಟೊಳ್ಳಿನಲ್ಲಿ ಇರುವೆಗಳು ಮನೆ ಮಾಡಿಕೊಳ್ಳುತ್ತವೆ. ಮನೆಯಲ್ಲಿ ಅಲ್ಲಿ ನೀರು ಹೊಕ್ಕರೆ ಹೊರಗೆ ಬರುವುದಿಲ್ಲ. ನನ್ನ ಮೊದಲ ಬಲ್ಬೋಸಾ ಹಾಗೇ ಕೊಳೆತು ಹೋಯಿತು, ಅದರ ನಂತರ ತಂದದ್ದನ್ನು ತಲೆಕೆಳಗಾಗಿ ತೂಗುಹಾಕಿದ್ದೇನೆ, ಚೆನ್ನಾಗಿದೆ.

ಬಾಯಾರಿಕೆಯನ್ನೂ ಕೊಳೆಯುವುದನ್ನೂ ಬೇರೆ ಬೇರೆ ಗುರುತಿಸುವುದು ಕಷ್ಟವಲ್ಲ. ಎಲೆಗಳು ಉದ್ದಕ್ಕೆ ಮಡಚಿಕೊಂಡು ದೋಣಿಯ ಹಾಗಾದರೆ, ತುದಿ ಗರಿಗರಿಯಾದರೆ, ನೀರು ಬೇಕು ಅಂತ. ಅಂಥದ್ದನ್ನು ಒಂದೆರಡು ಗಂಟೆ ಮುಳುಗಿಸಿಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಬುಡ ಮೆತ್ತಗಾಗಿ ಕಪ್ಪೋ ನೇರಳೆಯೋ ಆಗಿ, ಮಧ್ಯದ ಎಲೆ ಎಳೆದರೆ ಬಂದುಬಿಟ್ಟರೆ ಅದು ಕೊಳೆತದ್ದು. ಕೆಳಗಿನ ಒಂದೆರಡು ಎಲೆ ಒಣಗುವುದು ಸಹಜ, ಮೆಲ್ಲಗೆ ಕಿತ್ತು ಹಾಕಿ.

ಇನ್ನೊಂದು ವಿಷಯ, ಇದನ್ನು ತಿಳಿಯದೆ ಎಷ್ಟೋ ಜನ ನೊಂದುಕೊಳ್ಳುತ್ತಾರೆ. ಇವುಗಳಲ್ಲಿ ಬಹುಪಾಲು ಒಂದೇ ಸಲ ಹೂ ಬಿಡುತ್ತವೆ. ಅಯೊನಾಂಥಾ ಅನ್ನುವ ಬಗೆಯಲ್ಲಿ ಹೂ ಬಿಡುವ ಮೊದಲು ಎಲೆಗಳೆಲ್ಲ ಕೆಂಪಾಗುತ್ತವೆ, ಮಧ್ಯದಿಂದ ನೇರಳೆ ಹೂ ಬರುತ್ತದೆ, ಎಷ್ಟು ಚೆಂದ ಅಂತೀರಿ! ಆಮೇಲೆ ತಾಯಿ ಗಿಡ ತಿಂಗಳುಗಟ್ಟಲೆ ನಿಧಾನವಾಗಿ ಬಾಡುತ್ತಾ ಬುಡದಲ್ಲಿ ಮರಿಗಳನ್ನು ಹಾಕುತ್ತದೆ. ಮರಿ ತಾಯಿಯ ಮೂರನೇ ಒಂದು ಭಾಗದಷ್ಟಾದರೂ ಆಗುವವರೆಗೆ ಬೇರ್ಪಡಿಸಬೇಡಿ. ಬೇರ್ಪಡಿಸದೆ ಬಿಟ್ಟರೆ ಗೊಂಚಲಾಗಿ ಬೆಳೆಯುತ್ತವೆ, ನನಗೆ ಅದೇ ಇಷ್ಟ.

ಈಗ ನಿಮ್ಮ ಗಿಡದ ವಿಷಯ. ಸುಳಿಯೇ ಕಿತ್ತು ಬಂದಿದ್ದರೆ ಅದನ್ನು ಉಳಿಸಲು ಆಗುವುದಿಲ್ಲ. ಎಸೆಯುವ ಮೊದಲು ಬುಡವನ್ನು ಒಮ್ಮೆ ಬಿಡಿಸಿ ನೋಡಿ, ಪಕ್ಕದಲ್ಲಿ ಗಟ್ಟಿಯಾದ ಹಸಿರು ಮರಿ ಏನಾದರೂ ಇದ್ದರೆ ಕಪ್ಪಾದ ಭಾಗವನ್ನೆಲ್ಲ ತೆಗೆದು, ಎರಡು ಮೂರು ದಿನ ನೀರು ತಾಗಿಸದೆ ಗಾಳಿಯಲ್ಲಿ ಇಡಿ. ಬದುಕಿಕೊಳ್ಳಬಹುದು. ಗೋಳವನ್ನೂ ಬಿಸಾಡಬೇಡಿ. ಪಾಚಿ ತೆಗೆದು ಒಣ ಕಲ್ಲುಗಳನ್ನು ಹಾಕಿ, ಯಾರಾದರೂ ಮನೆಗೆ ಬರುವ ದಿನ, ಚೆನ್ನಾಗಿ ಒಣಗಿರುವ ಗಿಡವನ್ನು ಬಿಸಿಲು ಬೀಳದ ಕಡೆ ಅದರೊಳಗೆ ಇಡಿ. ಅವರು ಹೋದ ಮೇಲೆ ತೆಗೆದು ಕಿಟಕಿಯ ಹತ್ತಿರ ವಾಪಸ್ ಇಟ್ಟುಬಿಡಿ.