ಮೊಟ್ಟೆಯಲ್ಲಿ ಸಾಗುವ ವೈರಸ್ ಬೇರೆ ನೊಣಕ್ಕೆ ಹಾರುವುದು ಹೇಗೆ?

ಪ್ರಯೋಗಾಲಯದಲ್ಲಿ ಹಣ್ಣುನೊಣಗಳನ್ನು ಎಣಿಸುವಾಗ ಇಂಗಾಲದ ಡೈಆಕ್ಸೈಡ್ ಹಾಯಿಸಿ ಪ್ರಜ್ಞೆ ತಪ್ಪಿಸುತ್ತಾರೆ. ಅನಿಲ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಅವು ಎದ್ದು ಓಡಾಡುತ್ತವೆ. 1937ರಲ್ಲಿ ಫ್ರಾನ್ಸಿನ ಲೆರಿಟಿಯೆ ಮತ್ತು ಟೆಸಿಯೆ ವರದಿ ಮಾಡಿದ ತಳಿಯ ನೊಣಗಳು ಮಾತ್ರ ಏಳಲೇ ಇಲ್ಲ. ಈ ಗುಣ ಮರಿಗಳಿಗೂ ಬರುತ್ತಿತ್ತು, ಆದರೆ ಆನುವಂಶಿಕತೆಯ ಕುರಿತಾದ ಮೆಂಡೆಲನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕಾರಣ ಸಿಗ್ಮಾ ವೈರಸ್. ಅದು ರೇಬೀಸ್ ವೈರಸ್ಸಿನ ಕುಟುಂಬದ್ದೇ. ನೊಣದ ಎದೆಯ ನರಗಂಟುಗಳನ್ನೂ ಸೇರಿಕೊಳ್ಳುತ್ತದೆ.

ಒಂದೇ ಸೀಸೆಯಲ್ಲಿ ಕೂಡಿಟ್ಟರೂ ಇದು ಪಕ್ಕದ ನೊಣಕ್ಕೆ ಅಂಟುವುದಿಲ್ಲ. ಅಂಡಾಣು, ವೀರ್ಯಾಣುಗಳ ಮೂಲಕವೇ ಸಾಗಬೇಕು. ತಾಯಿ ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ದಾಟಿಸುತ್ತಾಳೆ, ತಂದೆ ಕೆಲವಕ್ಕಷ್ಟೇ. ಆದರೂ ತಂದೆಯ ಪಾಲು ದೊಡ್ಡದು. ತಾಯಿಯಿಂದ ಮಾತ್ರ ಸಾಗುವಂತಿದ್ದರೆ, ನೊಣಕ್ಕೆ ತುಸುವಾದರೂ ಹಾನಿ ಮಾಡುವ ವೈರಸ್ ಕೆಲ ತಲೆಮಾರುಗಳಲ್ಲಿ ಕರಗಿಹೋಗುತ್ತಿತ್ತು.

ಮನೆತನದೊಳಗೇ ಉಳಿಯುವ ವೈರಸ್ಸಿನ ವಂಶವೃಕ್ಷ ನೊಣಗಳ ವಂಶವೃಕ್ಷಕ್ಕೆ ಕೊಂಬೆಗೆ ಕೊಂಬೆ ಹೊಂದಬೇಕಲ್ಲ? ಹೊಂದುವುದಿಲ್ಲ. ದೂರದ ನೆಂಟಸ್ತಿಕೆಯ ನೊಣಗಳಲ್ಲೂ ಹತ್ತಿರದ ವೈರಸ್‌ಗಳು ಸಿಗುತ್ತವೆ. ಎಂದರೆ ಒಂದು ಪ್ರಭೇದದಿಂದ ಇನ್ನೊಂದಕ್ಕೆ ಆಗಾಗ ಜಿಗಿತ ನಡೆದಿದೆ. ಹೊತ್ತೊಯ್ದವರು ಯಾರು? ನೊಣದಿಂದ ನೊಣಕ್ಕೆ ಹತ್ತಿ ರಸ ಹೀರುವ ನುಸಿಗಳ ಮೇಲೆ ಅನುಮಾನವಿದೆ.

ಒಳಹೊಕ್ಕರೆ ಸಾಲದು, ಬೆಳೆಯಬೇಕು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ಸಿಗ್ಮಾ ವೈರಸ್‌ಗಳನ್ನು 51 ಪ್ರಭೇದದ ನೊಣಗಳಿಗೆ ಚುಚ್ಚಿ ನೋಡಿದರು. ಮೂಲ ಆತಿಥೇಯಕ್ಕೆ (ವೈರಸ್ ಸಹಜವಾಗಿ ನೆಲೆಸುವ ನೊಣಕ್ಕೆ) ಹತ್ತಿರದ ಪ್ರಭೇದಗಳಲ್ಲಿ ವೈರಸ್ ಹುಲುಸಾಗಿ ಬೆಳೆಯಿತು, ದೂರ ಹೋದಂತೆ ಸೊರಗಿತು. ಒಂದು ಪ್ರಭೇದ ವೈರಸ್ಸಿಗೆ ಬಗ್ಗಿದರೆ ಅದರ ಹತ್ತಿರದ ನೆಂಟ ಪ್ರಭೇದಗಳೂ ಬಗ್ಗುತ್ತಿದ್ದವು.

ನಿಜವಾದ ಕಗ್ಗಂಟು ಇನ್ನೂ ಮುಂದಿದೆ. ಚುಚ್ಚಿದ ಹೆಣ್ಣುನೊಣದ ಮೈತುಂಬ ವೈರಸ್ ಹರಡಿದರೂ ಅಂಡಾಶಯ ತಲುಪಲು ದಿನಗಳು ಬೇಕು. ಮೊದಲಿಟ್ಟ ಮೊಟ್ಟೆಗಳು ವೈರಸ್ ಇಲ್ಲದೆ ಉಳಿಯುತ್ತವೆ. ಆಮೇಲಿನ ಮೊಟ್ಟೆಯಿಂದ ಹುಟ್ಟಿದ ಮಗಳ ಜನನಕೋಶಗಳಲ್ಲಿ ಅದು ಬೇರೂರಿದರೆ ಮಾತ್ರ ವಂಶದ ಸ್ವತ್ತಾಗುತ್ತದೆ. ಬಹುಪಾಲು ಜಿಗಿತಗಳು ಇಲ್ಲೇ ಮುಗ್ಗರಿಸುತ್ತಿರಬೇಕು ಎಂಬುದು ನಮ್ಮ ಎಣಿಕೆ.

ವೈರಸ್ಸನ್ನು ಪತ್ತೆಹಚ್ಚುವಲ್ಲೂ ಎಡವಟ್ಟುಗಳಿವೆ. 12 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಶುದ್ಧ ಇಂಗಾಲದ ಡೈಆಕ್ಸೈಡಿನಲ್ಲಿಟ್ಟು, ಹೊರತೆಗೆದ ಮೇಲೆ ಏಳದವನ್ನು ಲೆಕ್ಕ ಹಾಕುವುದು ರೂಢಿ. ಆದರೆ ಸಾಕಣೆಯ ಕೋಣೆ 30 ಡಿಗ್ರಿಗೆ ಏರಿದರೆ ನೊಣಗಳು ವೈರಸ್ಸನ್ನೇ ಕಳೆದುಕೊಳ್ಳಬಹುದು. ಇನ್ನೊಂದೆಡೆ, ಸಿಗ್ಮಾ ವೈರಸ್ಸಿನ ವಂಶವಾಹಿ ಆರ್‌ಎನ್‌ಎ ಆದರೂ, ಹಳೆಯ ವೈರಸ್ಸಿನ ತುಣುಕುಗಳು ಕೀಟದ ಡಿಎನ್‌ಎಯಲ್ಲೇ ಹುದುಗಿರುತ್ತವೆ. ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವ ಹಂತವನ್ನು ಬಿಟ್ಟು ಪಿಸಿಆರ್ (ಡಿಎನ್‌ಎ ತುಣುಕನ್ನು ಪ್ರತಿಮಾಡಿ ಹೆಚ್ಚಿಸುವ ವಿಧಾನ) ಮಾಡಿದಾಗಲೂ ವೈರಸ್ಸಿನ ಗುರುತಾದ ಪಟ್ಟಿ ಮೂಡಿದರೆ, ಅದು ಜೀವಂತ ಸೋಂಕಿನ ಸಾಕ್ಷಿಯಲ್ಲ.