ಅಜ್ಜಿಯ ಬೈಬಲ್ಲು, ಬೋನಿ ಎಂ ಕ್ಯಾಸೆಟ್ಟು: ಪಾಪ್ ಹಾಡಲ್ಲಿ ವಚನ ಹುಡುಕೋ ಕತೆ

ನಮ್ಮನೇಲಿ ಬೋನಿ ಎಂ ಅನ್ನೋ ಪಾಪ್ ತಂಡದ ಕ್ಯಾಸೆಟ್ ಒಂದಿತ್ತು, ಡಿಸೆಂಬರ್ ಬಂತು ಅಂದ್ರೆ ಟೇಪ್ ರೆಕಾರ್ಡರಿಂದ ಅದು ಹೊರಗೇ ಬರ್ತಿರ್ಲಿಲ್ಲ. ಅಡುಗೆಮನೇಲಿ ಅಮ್ಮ ಕ್ರಿಸ್ಮಸ್ ತಿಂಡಿ ಕಲ್ಕಲ್ ಕರೀತಿದ್ರೆ ನಡುಮನೇಲಿ ನಾವು 'ರಿವರ್ಸ್ ಆಫ್ ಬ್ಯಾಬಿಲಾನ್' ಹಾಕ್ಕೊಂಡು ಕುಣೀತಿದ್ವಿ. ಒಂದಿನ ಸಂಜೆ ಪ್ರಾರ್ಥನೇಲಿ ಅಜ್ಜಿ ಬೈಬಲ್ಲಿನ 137ನೇ ಕೀರ್ತನೆ ಓದೋಕೆ ಶುರು ಮಾಡಿದ್ರು, ಬಾಬೆಲಿಗೆ (ಅದೇ ಬ್ಯಾಬಿಲಾನ್) ಸೆರೆಹೋದ ಯೆಹೂದ್ಯರು ಅಲ್ಲಿನ ನದಿ ಹತ್ರ ಕೂತು ತಮ್ಮೂರು ಚೀಯೋನನ್ನ ನೆನೆಸ್ಕೊಂಡು ಅತ್ತಿದ್ದು, ಕಿನ್ನರಿಗಳನ್ನ ಮರಕ್ಕೆ ತೂಗುಹಾಕಿದ್ದು ಎಲ್ಲ ಬಂತು, ನಾನು ತಡೀಲಾರ್ದೆ "ಅಜ್ಜೀ, ಇದು ನಮ್ ಕ್ಯಾಸೆಟ್ ಹಾಡು!" ಅಂದ್ಬಿಟ್ಟೆ. "ಸುಮ್ನೆ ಕೇಳು" ಅಂತ ಅವ್ರು ಮುಂದೆ ಓದಿದ್ರು. ಕೊನೇ ವಚನ ಬರೋವಾಗ ಅವ್ರ ದನಿ ತಗ್ಗಿತು. ಬಾಬೆಲಿನ ಎಳೇ ಮಕ್ಕಳನ್ನ ಹಿಡ್ಕೊಂಡು ಬಂಡೆಗೆ ಅಪ್ಪಳಿಸೋನು ಧನ್ಯ ಅಂತಿದೆ ಅಲ್ಲಿ. ಕ್ಯಾಸೆಟ್ಟಲ್ಲಿ ಇದಿರ್ಲಿಲ್ಲ.

ಅವತ್ತಿಂದ ನಂಗೆ ಈ ಹುಚ್ಚು ಹತ್ಕೊಂಡಿದ್ದು. ಪಾಪ್ ಹಾಡಲ್ಲಿ ಬೈಬಲ್ ಹುಡುಕೋರು ಬೇಕಾದಷ್ಟು ಜನ ಇದ್ದಾರೆ, ಅವ್ರಲ್ಲಿ ಹೆಚ್ಚಿನವ್ರು ಕೇಳೋದು "ಹಾಡಿದವ್ರು ಕ್ರೈಸ್ತರಾ, ಅಲ್ವಾ" ಅಂತ. ನನ್ನ ಪ್ರಕಾರ ಕೇಳ್ಬೇಕಾದ್ದು ಅದಲ್ಲ, ಆ ವಚನದಲ್ಲಿ ಏನನ್ನ ಉಳಿಸ್ಕೊಂಡ್ರು, ಏನನ್ನ ಬಿಟ್ರು, ಏನನ್ನ ಸೇರಿಸಿದ್ರು ಅನ್ನೋದು.

ಈ ಹಾಡನ್ನೇ ತಗೊಳ್ಳಿ. ಇದು ಬೋನಿ ಎಂ ಅವ್ರದ್ದಲ್ಲ. 1970ರಲ್ಲಿ ಜಮೈಕಾದ ದ ಮೆಲೋಡಿಯನ್ಸ್ ಅನ್ನೋ ತಂಡ ಹಾಡಿದ್ದು, ಬರೆದವರು ಬ್ರೆಂಟ್ ಡೋವ್ ಮತ್ತೆ ಟ್ರೆವರ್ ಮೆಕ್‌ನಾಟನ್. ಹಾಡು ಹುಟ್ಟಿದ್ದು ರಾಸ್ತಫಾರಿ ಅನ್ನೋ, ಇಥಿಯೋಪಿಯಾದ ಚಕ್ರವರ್ತೀನೇ ದೇವರು ಅಂತ ನಂಬೋ ಜಮೈಕಾದ ಪಂಥದ ಒಳಗಿಂದ. ಆಫ್ರಿಕಾದಿಂದ ಗುಲಾಮರಾಗಿ ಹಡಗಲ್ಲಿ ಬಂದವ್ರ ಮೊಮ್ಮಕ್ಕಳಿಗೆ ಬಾಬೆಲ್ ಅಂದ್ರೆ ಎರಡೂವರೆ ಸಾವಿರ ವರ್ಷದ ಹಿಂದಿನ ಯಾವ್ದೋ ಊರಲ್ಲ, ತಮ್ಮನ್ನ ತುಳೀತಿರೋ ಪೊಲೀಸು, ಸರ್ಕಾರ, ಇಡೀ ವ್ಯವಸ್ಥೆ. ಚೀಯೋನ್ ಅಂದ್ರೆ ಇಥಿಯೋಪಿಯಾ. ಹಾಗಾಗಿ ಹಾಡಲ್ಲಿ ಕೀರ್ತನೆಯ 'ಕರ್ತನ ಹಾಡು' ಅನ್ನೋ ಕಡೆ ಅವ್ರು 'ಕಿಂಗ್ ಆಲ್ಫಾ'ನ ಹಾಡು ಅಂತ ಹಾಕಿದ್ರು, ಅಂದ್ರೆ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ. ಅದ್ರ ಜೊತೆ 19ನೇ ಕೀರ್ತನೆಯ ಕೊನೇ ವಚನ ಹೊಲಿದ್ರು, ನಮ್ಮ ಬಾಯಿ ಮಾತೂ ಹೃದಯದ ಧ್ಯಾನವೂ ನಿಂಗೆ ಒಪ್ಪಿಗೆಯಾಗ್ಲಿ ಅನ್ನೋ ಪ್ರಾರ್ಥನೆ, ಅಲ್ಲೂ 'ಫಾರ್-ಐ' ಅಂತ ಅದೇ ಚಕ್ರವರ್ತಿಯ ಹೆಸರು.

1978ರಲ್ಲಿ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫಾರಿಯನ್ ಇದನ್ನ ಬೋನಿ ಎಂ ಕೈಲಿ ಹಾಡಿಸಿದಾಗ ಆ ಎರಡು ಹೆಸರೂ ಹೋದ್ವು. ಒಂದು ರೀತೀಲಿ ಹಾಡು ಮತ್ತೆ ಬೈಬಲಿಗೆ ಹತ್ರ ಬಂತು, ಇನ್ನೊಂದು ರೀತೀಲಿ ಅದನ್ನ ಯಾರು ಯಾಕೆ ಅತ್ಕೊಂಡು ಹಾಡಿದ್ರು ಅನ್ನೋದೇ ಅಳಿಸಿಹೋಯ್ತು. ಬ್ರಿಟನ್ನಲ್ಲಿ 5 ವಾರ ನಂಬರ್ ಒನ್. ಅದನ್ನ ಹಾಡಿದ ಲಿಜ್ ಮಿಚೆಲ್ ಜಮೈಕಾದಲ್ಲೇ ಹುಟ್ಟಿದವ್ರು ಅಂತ ಗೊತ್ತಾದ್ಮೇಲೆ ನಂಗೆ ಆ ದನಿ ಬೇರೆ ಥರಾನೇ ಕೇಳ್ಸುತ್ತೆ. ಬಂಡೆಯ ವಚನ ಮಾತ್ರ ಮೆಲೋಡಿಯನ್ಸ್ ಹಾಡಲ್ಲೂ ಇಲ್ಲ, ಬೋನಿ ಎಂ ಹಾಡಲ್ಲೂ ಇಲ್ಲ. ಅಷ್ಟು ಸಿಟ್ಟನ್ನ ಯಾರೂ ಕುಣಿಯೋ ತಾಳಕ್ಕೆ ಕೂರಿಸೋಕಾಗಲ್ಲ ಬಿಡಿ.

ಆದ್ರೆ ಚರ್ಚಿಗೂ ಪಾಪ್ ಹಾಡಿಗೂ ಈ ಕೊಡುಕೊಳ್ಳುವಿಕೆ ಅದಕ್ಕಿಂತ ಬಹಳ ಹಳೇದು. ಅಮೆರಿಕದ ಕಪ್ಪು ಜನರ ಚರ್ಚುಗಳೇ ಇದ್ರ ತವರುಮನೆ. ಥಾಮಸ್ ಡಾರ್ಸಿ ಅನ್ನೋರು 'ಜಾರ್ಜಿಯಾ ಟಾಮ್' ಅಂತ ಹೆಸರಿಟ್ಕೊಂಡು ಪೋಲಿ ಬ್ಲೂಸ್ ಹಾಡು ನುಡಿಸ್ತಿದ್ದವ್ರು, 1932ರಲ್ಲಿ ಹೆರಿಗೆ ಹೊತ್ತಲ್ಲಿ ಹೆಂಡ್ತಿನೂ ಮಗುನೂ ತೀರ್ಕೊಂಡ್ರು, ಆ ದುಃಖದಲ್ಲಿ ಅವ್ರು ಬರೆದ 'ಪ್ರೆಷಸ್ ಲಾರ್ಡ್' ಇವತ್ತಿಗೂ ಪ್ರಪಂಚದ ಎಷ್ಟೋ ಚರ್ಚುಗಳಲ್ಲಿ ಹಾಡ್ತಾರೆ. ಬ್ಲೂಸು ಹೀಗೆ ಚರ್ಚೊಳಗೆ ಬಂತು. ಆ ಕಡೆಯಿಂದ 1954ರಲ್ಲಿ ರೇ ಚಾರ್ಲ್ಸ್, ಯೇಸುವಿನ ಮೇಲಿದ್ದ ಒಂದು ಗಾಸ್ಪೆಲ್ ಹಾಡಿನ ಧಾಟೀನ ಎತ್ಕೊಂಡು ಹುಡುಗಿ ಮೇಲೆ ಹಾಡು ಮಾಡಿದ್ರು, 'ಐ ಗಾಟ್ ಎ ವುಮನ್'. ದೇವರಿಗೆ ಹಾಡೋ ಹಾಗೆ ಹೆಣ್ಣಿಗೆ ಹಾಡ್ತಾನಲ್ಲ ಅಂತ ಚರ್ಚಿನವ್ರಿಗೆ ಸಿಟ್ಟು ಬಂತು.

ನಮ್ಗೆ ಕನ್ನಡದವ್ರಿಗೆ ಇದು ಅಷ್ಟು ವಿಚಿತ್ರ ಅನ್ಸಬಾರ್ದು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂದವಳು, ಬೈಬಲಲ್ಲಿ ಪರಮಗೀತ ಅಂತ ಒಂದು ಪುಸ್ತಕ ಪೂರ್ತಿ ನಲ್ಲ ನಲ್ಲೆಯರ ಮಾತೇ ಇದೆ. 'ನೀನು' ಅಂದಾಗ ಅದು ಪ್ರಿಯನೋ ದೇವರೋ ಅಂತ ಬಿಡಿಸಿ ಹೇಳದೇ ಇರೋದು ಹಾಡಿನ ಹಳೇ ಶಕ್ತಿ.

1965ರಲ್ಲಿ ದ ಬರ್ಡ್ಸ್ ತಂಡದ 'ಟರ್ನ್! ಟರ್ನ್! ಟರ್ನ್!' ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಅದ್ರ ಮಾತು ಹೆಚ್ಚುಕಮ್ಮಿ ಪೂರ್ತಿ ಬೈಬಲ್ಲಿನ ಪ್ರಸಂಗಿ ಪುಸ್ತಕದ 3ನೇ ಅಧ್ಯಾಯ. ಹುಟ್ಟೋಕೊಂದು ಸಮಯ ಸಾಯೋಕೊಂದು ಸಮಯ ಅಂತ ಬರುತ್ತಲ್ಲ, ನಮ್ಮಲ್ಲಿ ಸಾವಿನ ಮನೇಲಿ ಓದ್ತಾರೆ, ಅದೇ. ರಾಗ ಹಾಕಿದ್ದು ಅಮೆರಿಕದ ಜಾನಪದ ಹಾಡುಗಾರ ಪೀಟ್ ಸೀಗರ್, 1950ರ ದಶಕದ ಕೊನೇಲಿ. ಮೂಲದಲ್ಲಿ ಆ ಪಟ್ಟಿ 'ಯುದ್ಧಕ್ಕೊಂದು ಸಮಯ, ಸಮಾಧಾನಕ್ಕೊಂದು ಸಮಯ' ಅಂತ ಸುಮ್ನೆ ಮುಗಿಯುತ್ತೆ, ಯಾವ್ದು ಒಳ್ಳೇದು ಅಂತ ಪ್ರಸಂಗಿ ಹೇಳಲ್ಲ. ಸೀಗರ್ ಸಮಾಧಾನ ಅನ್ನೋ ಮಾತಿನ ಪಕ್ಕದಲ್ಲಿ, ಆಣೆಗೂ ಇನ್ನೂ ಹೊತ್ತು ಮೀರಿಲ್ಲ ಅನ್ನೋ ಅರ್ಥದ ಪುಟ್ಟ ಸಾಲೊಂದನ್ನ ಸೇರಿಸಿಬಿಟ್ರು. ವಿಯೆಟ್ನಾಂ ಯುದ್ಧ ನಡೀತಿದ್ದ ಹೊತ್ತಲ್ಲಿ ಆ ಒಂದು ಸಾಲಿಂದ ಇಡೀ ಅಧ್ಯಾಯ ಒಂದು ಪಕ್ಷ ಹಿಡೀತು.

ಮಾರನೇ ವರ್ಷವೇ ಜಾನ್ ಲೆನ್ನನ್ ಬೀಟಲ್ಸ್ ಈಗ ಯೇಸುಗಿಂತ ಜನಪ್ರಿಯ ಅಂದಿದ್ದಕ್ಕೆ ಅಮೆರಿಕದಲ್ಲಿ ರೆಕಾರ್ಡುಗಳನ್ನ ರಾಶಿ ಹಾಕಿ ಸುಟ್ರು. ಅದೇ ದಶಕ ಮುಗಿಯೋ ಹೊತ್ತಿಗೆ ಲ್ಯಾರಿ ನಾರ್ಮನ್ ಥರದ ಉದ್ದಕೂದಲ ಹುಡುಗರು ಯೇಸುವಿನ ಬಗ್ಗೆನೇ ರಾಕ್ ಹಾಡೋಕೆ ಶುರು ಮಾಡಿದ್ರು, ಬರ್ತಾ ಬರ್ತಾ ಕ್ರಿಶ್ಚಿಯನ್ ಮ್ಯೂಸಿಕ್ಕಿಗೆ ಅಂತಾನೇ ಬೇರೆ ಅಂಗಡಿ, ಬೇರೆ ರೇಡಿಯೋ ಎಲ್ಲ ಆದ್ವು. ನಂಗೆ ಬೇಜಾರಾಗೋದು ಇಲ್ಲೇ. ಲೇಬಲ್ ಅಂಟಿಸಿದ್ಮೇಲೆ ಹುಡುಕೋ ಕೆಲಸವೇ ಉಳೀಲಿಲ್ಲ, ಲೇಬಲ್ ಇಲ್ಲದ ಹಾಡನ್ನ ಅನುಮಾನದಿಂದ ನೋಡೋದು ಅಭ್ಯಾಸ ಆಯ್ತು.

ಲೇಬಲ್ ಇಲ್ಲದ ಹಾಡು ಅಂದ್ರೆ ಲಿಯೊನಾರ್ಡ್ ಕೋಹೆನ್ ಅವ್ರ 'ಹಲ್ಲೆಲೂಯಾ'. ಕೋಹೆನ್ ಯೆಹೂದ್ಯರು. 1984ರಲ್ಲಿ ಅದಿದ್ದ ಆಲ್ಬಮ್ಮನ್ನ ಅಮೆರಿಕದಲ್ಲಿ ಬಿಡುಗಡೆ ಮಾಡೋಕೆ ಅವ್ರ ಕಂಪನಿಯೇ ಒಪ್ಪಲಿಲ್ಲ. ಹಾಡು ಶುರುವಾಗೋದು ತಂತಿ ಮೀಟಿ ದೇವರನ್ನ ಮೆಚ್ಚಿಸಿದ ದಾವೀದ ರಾಜನಿಂದ, ಆಮೇಲೆ ಮಾಳಿಗೆ ಮೇಲಿಂದ ಸ್ನಾನ ಮಾಡ್ತಿದ್ದವಳನ್ನ ನೋಡೋದು, ಇದು ಎರಡನೇ ಸಮುವೇಲದ 11ನೇ ಅಧ್ಯಾಯದ ಬತ್ಷೆಬೆ, ಊರೀಯ ಅನ್ನೋನ ಹೆಂಡ್ತಿ. ಕಣ್ಣು ಮಿಟುಕಿಸೋದ್ರಲ್ಲಿ ಅವಳು ಅವನನ್ನ ಅಡುಗೆಮನೆ ಕುರ್ಚಿಗೆ ಕಟ್ಟಿ ಕೂದಲು ಕತ್ತರಿಸ್ತಾಳೆ, ಅದು ದಾವೀದ ಅಲ್ವೇ ಅಲ್ಲ, ನ್ಯಾಯಸ್ಥಾಪಕರು ಪುಸ್ತಕದ, ಕೂದಲಲ್ಲೇ ಬಲ ಇದ್ದ ಸಂಸೋನ, ಅವಳು ಅವನಿಗೆ ಮೋಸ ಮಾಡಿದ ದೆಲೀಲ. ಇಬ್ರು ಬಲಶಾಲಿಗಳ ಬೀಳುವಿಕೇನ ಒಂದೇ ಚರಣದಲ್ಲಿ ಬೆಸೆದಿದ್ದಾರೆ, ಅದೂ ಅರಮನೇಲಲ್ಲ ಅಡುಗೆಮನೇಲಿ. ಮೊದಲ ಸಲ ಇದು ಹೊಳೆದ ರಾತ್ರಿ ಎದ್ದುಹೋಗಿ ಅಜ್ಜಿಯ ಬೈಬಲ್ ತೆಗೆದು ಎರಡೂ ಕಡೆ ಬೆರಳಿಟ್ಕೊಂಡು ಓದಿದ್ದೆ.

ಕೋಹೆನ್ ಮೊದಲು ಹಾಡಿದಾಗ ಕೊನೇ ಚರಣದಲ್ಲಿ ಮನುಷ್ಯ ಎಲ್ಲಾ ಕೆಟ್ಟುಹೋದ್ರೂ ಹಾಡಿನ ಒಡೆಯನ ಮುಂದೆ ನಿಂತು, ನಾಲಿಗೇಲಿ ಹಲ್ಲೆಲೂಯಾ ಅನ್ನೋ ಆ ಒಂದು ಸ್ತೋತ್ರ ಬಿಟ್ಟು ಬೇರೇನೂ ಇಲ್ಲದೇ ನಿಲ್ತೀನಿ ಅಂತಾನೆ. 1991ರಲ್ಲಿ ಜಾನ್ ಕೇಲ್ ಹಾಡುವಾಗ ಚರಣಗಳನ್ನ ಬದಲಾಯಿಸಿದ್ರು, ಅದನ್ನ ಕೇಳಿ 1994ರಲ್ಲಿ ಜೆಫ್ ಬಕ್ಲಿ ಹಾಡಿದ್ರು, 2001ರಲ್ಲಿ 'ಶ್ರೆಕ್' ಸಿನಿಮಾದಿಂದ ಮಕ್ಕಳ ಬಾಯಿಗೂ ಬಂತು. ಈ ದಾರೀಲಿ ಬಿದ್ದುಹೋಗಿದ್ದು ಆ ಕೊನೇ ಚರಣವೇ. ಅದಿಲ್ಲದೇ ಅದು ಬರೀ ಮುರಿದುಬಿದ್ದ ಪ್ರೀತಿಯ ಹಾಡು, ಅದಿದ್ರೆ 51ನೇ ಕೀರ್ತನೆಯ ದಾವೀದ, ಊರೀಯನನ್ನ ಕೊಲ್ಲಿಸಿ ಅವನ ಹೆಂಡ್ತೀನ ತಗೊಂಡು ಆಮೇಲೆ ಒಡೆದ ಮನಸ್ಸು ಹಿಡ್ಕೊಂಡು ಬಂದವನು. ಇದೇ ರಾಗಕ್ಕೆ ಕ್ರಿಸ್ಮಸ್ ಕತೆ ಹಾಕಿ ಹಾಡೋರೂ ಇದ್ದಾರೆ, ಅವ್ರ ಭಕ್ತಿ ಬಗ್ಗೆ ನಂಗೆ ಎರಡು ಮಾತಿಲ್ಲ, ಆದ್ರೆ ಮೂಲದಲ್ಲೇ ಇಷ್ಟು ಪಶ್ಚಾತ್ತಾಪ ಇರೋವಾಗ ಅದನ್ನ ತೆಗೆದು ಬೇರೆ ಮಾತು ಯಾಕೆ ಹಾಕ್ಬೇಕು ಅಂತ ನಿಜವಾಗ್ಲೂ ಅನ್ಸುತ್ತೆ.

ಐರ್ಲೆಂಡಿನ ಯೂಟು ತಂಡದ್ದು ಇನ್ನೊಂದು. 1983ರ 'ವಾರ್' ಆಲ್ಬಮ್ಮಿನ ಕೊನೇ ಹಾಡಿನ ಹೆಸರು ಬರೀ '40', ಅಂದ್ರೆ 40ನೇ ಕೀರ್ತನೆ. ಕೆಸರಿನ ಗುಂಡಿಯಿಂದ ಎತ್ತಿ ಬಂಡೆ ಮೇಲೆ ನಿಲ್ಲಿಸಿದ ದೇವರು, ಬಾಯಲ್ಲಿ ಹೊಸ ಹಾಡು ಇಟ್ಟ ದೇವರು, ಎಲ್ಲ ಅದರಲ್ಲಿದೆ. ಆದ್ರೆ ಅದ್ರ ಪಲ್ಲವಿ 40ನೇ ಕೀರ್ತನೇಲಿ ಇಲ್ಲ. 'ಇನ್ನೆಷ್ಟರ ತನಕ' ಅನ್ನೋ ಆ ಕೂಗು 6ನೇ ಕೀರ್ತನೇದು, 13ರಲ್ಲೂ ಬರುತ್ತೆ. ಬಿಡುಗಡೆ ಆದವನ ಸ್ತುತಿಗೆ ಇನ್ನೂ ಬಿಡುಗಡೆ ಆಗದವನ ಪ್ರಶ್ನೆ ಜೋಡಿಸಿದ್ದಾರೆ. ಎಷ್ಟೋ ವರ್ಷ ಅವ್ರ ಕಾನ್ಸರ್ಟ್ ಮುಗೀತಿದ್ದಿದ್ದು ಈ ಹಾಡಿಂದಾನೇ. ಹಾಡ್ತಾ ಹಾಡ್ತಾ ಒಬ್ಬೊಬ್ರಾಗಿ ವಾದ್ಯ ಕೆಳಗಿಟ್ಟು ಸ್ಟೇಜ್ ಬಿಟ್ಟು ಹೋಗ್ತಿದ್ರು, ಕೊನೆಗೆ ಡ್ರಮ್ ಒಂದೇ ಉಳೀತಿತ್ತು, ಅದೂ ನಿಂತ ಮೇಲೆ ಕತ್ತಲಲ್ಲಿ ಸಾವಿರಾರು ಜನ, ಚರ್ಚಿಗೆ ಹೋಗೋರು ಹೋಗದೇ ಇರೋರು ಎಲ್ಲಾ, 'ಇನ್ನೆಷ್ಟರ ತನಕ' ಅಂತ ಹಾಡ್ತಾನೇ ಇರ್ತಿದ್ರು.