ಮೆಟ್ಟಿಲೇರುವ ಭಾರ ಯಾರ ಪಾಲಿಗೆ?

ಬೀರು ಒಂದನ್ನು ಇಬ್ಬರು ಹಮಾಲರು ಮೂರನೆಯ ಮಹಡಿಗೆ ಹೊತ್ತೊಯ್ಯುತ್ತಿರುವಾಗ ಭಾರ ಇಬ್ಬರಿಗೂ ಸಮನಾಗಿ ಹಂಚಿಹೋಗಿದೆ ಎಂದೇ ನೋಡುವವರಿಗೆ ತೋರುತ್ತದೆ. ಸಮತಟ್ಟಾದ ನೆಲದ ಮೇಲೆ ಅದು ಹೆಚ್ಚುಕಡಿಮೆ ನಿಜವೂ ಹೌದು. ಆದರೆ ಮೆಟ್ಟಿಲಿಗೆ ಕಾಲಿಟ್ಟ ಕ್ಷಣದಿಂದ ಈ ಲೆಕ್ಕ ಬದಲಾಗುತ್ತದೆ. ವಸ್ತುವನ್ನು ಮೆಟ್ಟಿಲಿನ ಓರೆಗೆ ತಕ್ಕಂತೆ ಓರೆಯಾಗಿ ಹಿಡಿದಾಗ ಅದರ ಗುರುತ್ವಕೇಂದ್ರ, ಅಂದರೆ ಇಡೀ ತೂಕ ನೆಲೆಸಿದಂತಿರುವ ಬಿಂದು, ಕೆಳಗಿರುವವನ ಕಡೆಗೆ ಸರಿಯುತ್ತದೆ, ಮತ್ತು ವಸ್ತು ಎಷ್ಟು ಗಿಡ್ಡವೂ ದಪ್ಪವೂ ಆಗಿದೆಯೋ ಅಷ್ಟೇ ಹೆಚ್ಚು ಸರಿಯುತ್ತದೆ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಗಳಲ್ಲಿ ಒಂದು ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು, ಕಾಲಿಡುವ ಜಾಗದ ಅಗಲ 25 ಸೆಂ.ಮೀ.ಗಿಂತ ಕಡಿಮೆಯಾಗಬಾರದು. ಈ ಅಳತೆಯ ಮೆಟ್ಟಿಲುಗಳ ಇಳಿಜಾರು ಸುಮಾರು 37 ಡಿಗ್ರಿ. ಆರಡಿ ಉದ್ದ, ಒಂದೂವರೆ ಅಡಿ ದಪ್ಪ, 80 ಕೆ.ಜಿ. ತೂಕದ ಬೀರುವನ್ನು ಮಲಗಿಸಿ, ಇಬ್ಬರೂ ತಳದ ಅಂಚಿಗೆ ಕೈಕೊಟ್ಟು ಈ ಓರೆಯಲ್ಲಿ ಎತ್ತಿದರೆ ಕೆಳಗಿನವನ ಪಾಲಿಗೆ ಸುಮಾರು 48 ಕೆ.ಜಿ., ಮೇಲಿನವನ ಪಾಲಿಗೆ 32 ಕೆ.ಜಿ. ಬೀಳುತ್ತದೆ. ಇನ್ನು 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರದ ವಾಷಿಂಗ್ ಮೆಷಿನ್ನಿಗೆ ಇದೇ ಲೆಕ್ಕ ಹಾಕಿದರೆ ಮೇಲಿನವನ ಪಾಲು ಸೊನ್ನೆಗೆ ಬರುತ್ತದೆ. ಯಂತ್ರವು ಪೂರ್ತಿಯಾಗಿ ಕೆಳಗಿನವನ ಮೇಲೆಯೇ ಕುಳಿತು, ಅವನ ಮೇಲೆ ಮಗುಚಲು ನೋಡುತ್ತದೆ. ಮುಂಬಾಗಿಲಿನ ವಾಷಿಂಗ್ ಮೆಷಿನ್ನುಗಳ ಒಳಗೆ ಅದುರಾಟ ತಡೆಯಲು ಕಾಂಕ್ರೀಟಿನ ದಿಮ್ಮಿಗಳನ್ನು ಕೂರಿಸಿರುತ್ತಾರೆ. ಆದ್ದರಿಂದ ಅವು ನೋಟಕ್ಕಿಂತ ಬಹಳ ಭಾರವಾಗಿರುತ್ತವೆ ಮತ್ತು ಆ ಭಾರ ನಟ್ಟನಡುವೆಯೇ ಇರುತ್ತದೆಂಬ ಖಾತರಿಯೂ ಇಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಕೆಳಗಿನವನು ತಳದ ಅಂಚನ್ನು ಹಿಡಿದು, ಮೇಲಿನವನು ತಳವನ್ನು ಬಿಟ್ಟು ತನ್ನ ತುದಿಯ ಮೇಲಂಚನ್ನು ಹಿಡಿದರೆ, ಅಂದರೆ ಇಬ್ಬರ ಹಿಡಿತವೂ ಮೂಲೆಯಿಂದ ಮೂಲೆಗೆ ಎದುರುಬದುರಾದರೆ, ಗುರುತ್ವಕೇಂದ್ರ ಮತ್ತೆ ಇಬ್ಬರ ನಡುಮಧ್ಯಕ್ಕೆ ಬರುತ್ತದೆ ಮತ್ತು ಬೀರುವಿನ ಭಾರ ಸಮನಾಗಿ ಹಂಚಿಹೋಗುತ್ತದೆ. ಮೇಲಿನವನು ಪಾದದ ಮಟ್ಟಕ್ಕೆ ಬಾಗಬೇಕಾದ ಕಷ್ಟವೂ ತಪ್ಪುತ್ತದೆ. ನುಣುಪಾದ ಬೀರುವಿನ ಮೇಲಂಚಿನಲ್ಲಿ ಕೈಗೆ ಆಧಾರ ಸಿಗುವುದಿಲ್ಲವಾದ್ದರಿಂದ, ಮೊದಲೇ ಹಗ್ಗವನ್ನೋ ಅಗಲವಾದ ಪಟ್ಟಿಯನ್ನೋ ಬಿಗಿಯಾಗಿ ಸುತ್ತಿ, ಆ ಮಟ್ಟದಲ್ಲೇ ಹಿಡಿ ಬರುವಂತೆ ಗಂಟು ಹಾಕಿಕೊಳ್ಳಬೇಕಾಗುತ್ತದೆ. ವಾಷಿಂಗ್ ಮೆಷಿನ್ನಿನಂಥ ಗಿಡ್ಡ ವಸ್ತುವಿಗೆ ಈ ಉಪಾಯವೂ ನಡೆಯುವುದಿಲ್ಲ. ಅದರ ಆಕಾರಕ್ಕೆ ಈ ಓರೆ ಒಗ್ಗುವುದೇ ಇಲ್ಲ.

ಹೀಗೆ ಪಾಲಿಗೆ ಬಂದ ಭಾರವನ್ನು ಬೆನ್ನು ಹೇಗೆ ತಾಳುತ್ತದೆ ಎಂಬುದು ಮುಂದಿನ ಪ್ರಶ್ನೆ. ಸೊಂಟದ ಹತ್ತಿರ ಬೆನ್ನುಮೂಳೆಯ ಹಿಂದಿರುವ ಸ್ನಾಯುಗಳು ಡಿಸ್ಕಿನ (ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತೆಯ) ಮಧ್ಯದಿಂದ ಕೇವಲ 5 ಸೆಂ.ಮೀ. ಆಸುಪಾಸಿನ ದೂರದಲ್ಲಿ ಎಳೆಯುತ್ತವೆ, ಆದರೆ ಕೈಯಲ್ಲಿರುವ ಭಾರ 40 ಸೆಂ.ಮೀ. ಮುಂದಿರಬಹುದು. ಅಸಮ ತೋಳಿನ ತಕ್ಕಡಿಯಂತೆ, ಭಾರದ ಎಂಟು ಪಟ್ಟು ಬಲದಿಂದ ಸ್ನಾಯು ಎಳೆದರೆ ಮಾತ್ರ ಸಮತೋಲ ಸಿಗುತ್ತದೆ. 14.2 ಕೆ.ಜಿ. ಅನಿಲ ತುಂಬಿದ ಅಡುಗೆ ಸಿಲಿಂಡರಿನ ಒಟ್ಟು ತೂಕ ಸುಮಾರು 30 ಕೆ.ಜಿ.; ಅದನ್ನು ಎದೆಯಿಂದ ದೂರ ಹಿಡಿದು ಎತ್ತಿದಾಗ ಡಿಸ್ಕಿನ ಮೇಲೆ ಬೀಳುವ ಒತ್ತಡ, ದೇಹದ ಸ್ವಂತ ಭಾರವನ್ನು ಬಿಟ್ಟರೂ, ಕಾಲು ಟನ್ನನ್ನು ದಾಟುತ್ತದೆ. ಸಿಲಿಂಡರ್ ತರುವ ಹುಡುಗರು ಅದನ್ನು ಹೆಗಲಿಗೇರಿಸುವುದರಲ್ಲಿ ಈ ಲೆಕ್ಕ ಅಡಗಿದೆ: ಹೆಗಲ ಮೇಲೆ ಭಾರವು ಬೆನ್ನುಮೂಳೆಗೆ ಹತ್ತಿರವಾಗುತ್ತದೆ. ಆದರೆ ಒಂದೇ ಪಕ್ಕಕ್ಕೆ ವಾಲುವ ಭಾರವನ್ನು ಸರಿದೂಗಿಸಲು ಇನ್ನೊಂದು ಪಕ್ಕದ ಸ್ನಾಯುಗಳು ಬಿಗಿಯಬೇಕಾಗುತ್ತದೆ, ಮತ್ತು ದಿನವಿಡೀ ಅದೇ ಹೆಗಲಾದರೆ ಅದೇ ಪಕ್ಕ ಸವೆಯುತ್ತದೆ.

1999ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಹಾನ್ಸ್-ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು ಸ್ವಯಂಸೇವಕನೊಬ್ಬನ ಸೊಂಟದ ಡಿಸ್ಕಿನೊಳಗೆ ಪುಟ್ಟ ಒತ್ತಡಮಾಪಕವನ್ನು ಇರಿಸಿ ನೇರವಾಗಿಯೇ ಅಳೆದರು. ಸುಮ್ಮನೆ ನಿಂತಾಗ 0.5 ಮೆಗಾಪ್ಯಾಸ್ಕಲ್ ಇದ್ದ ಒತ್ತಡ, ಬೆನ್ನು ಗೂನಾಗಿಸಿ 20 ಕೆ.ಜಿ. ಎತ್ತಿದಾಗ 2.3ಕ್ಕೆ ಏರಿತು, ಮಂಡಿ ಮಡಚಿ ಎತ್ತಿದಾಗ 1.7 ಇತ್ತು, ಅದೇ ಭಾರವನ್ನು ಮೈಗೆ ಒತ್ತಿ ಹಿಡಿದು ನಿಂತಾಗ 1.1 ಮಾತ್ರ. ಒಬ್ಬನೇ ವ್ಯಕ್ತಿಯ ಮೇಲಿನ ಅಳತೆಯಾದ್ದರಿಂದ ಈ ಅಂಕಿಗಳನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಮಂಡಿ ಮಡಚುವುದರಿಂದ ಆಗುವ ಉಳಿತಾಯ ಎಷ್ಟು, ಮೈಗೆ ಹತ್ತಿರ ಹಿಡಿಯುವುದರಿಂದ ಆಗುವ ಅನುಕೂಲ ಎಷ್ಟು ಎಂಬ ಅಂದಾಜು ಇದರಿಂದ ಸಿಗುತ್ತದೆ.

ಡಿಸ್ಕಿನ ಹೊರಪದರದಲ್ಲಿ ಮಾತ್ರ ನರಗಳಿರುತ್ತವೆ, ಒಳಭಾಗದಲ್ಲಿ ಇಲ್ಲ. ಹಾಗಾಗಿ ಒಳಗೆ ಸಣ್ಣ ಬಿರುಕುಗಳು ಸೇರುತ್ತಾ ಹೋದರೂ ಬಹುಕಾಲ ನೋವೇ ತಿಳಿಯದಿರಬಹುದು. ವರ್ಷಗಟ್ಟಲೆ ಮೂಟೆ ಹೊತ್ತವನಿಗೆ ಕೆಳಗೆ ಬಿದ್ದ ಬೀಡಿ ಕಟ್ಟನ್ನು ಎತ್ತಿಕೊಳ್ಳಲು ಬಗ್ಗಿದಾಗ ಸೊಂಟ ಹಿಡಿದುಕೊಂಡರೆ, ತಪ್ಪನ್ನು ಬೀಡಿ ಕಟ್ಟಿನ ಮೇಲೆ ಹಾಕುವುದು ನ್ಯಾಯವಲ್ಲ. ಇನ್ನೊಂದು ಸಂಗತಿ: ರಾತ್ರಿ ಮಲಗಿದಾಗ ಡಿಸ್ಕುಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ, ಬೆಳಿಗ್ಗೆ ನಮ್ಮ ಎತ್ತರ ಒಂದು ಸೆಂ.ಮೀ.ಗಿಂತ ಹೆಚ್ಚೇ ಇರುತ್ತದೆ, ಮತ್ತು ಬಗ್ಗಿದಾಗ ಆ ಉಬ್ಬಿದ ಡಿಸ್ಕಿನ ಮೇಲೆ ಎಳೆತ ಜಾಸ್ತಿ. ನಸುಕಿನಲ್ಲಿ ಲಾರಿ ಬಂದೊಡನೆ, ಎದ್ದು ಅರ್ಧ ಗಂಟೆಯೂ ಆಗದವರು ಅತಿ ಭಾರದ ಸಾಮಾನಿನಿಂದಲೇ ಕೆಲಸ ಶುರು ಮಾಡುವುದು ಈ ದೃಷ್ಟಿಯಿಂದ ತೀರಾ ಕೆಟ್ಟ ಕ್ರಮ. ಹಗುರವಾದ ಡಬ್ಬಗಳನ್ನು ಮೊದಲು ಸಾಗಿಸಿ ಬೀರುವನ್ನು ಆಮೇಲೆ ಮುಟ್ಟಿದರೆ ಯಾರಿಗೂ ನಷ್ಟವಿಲ್ಲ.

‘ಬೆನ್ನು ನೇರವಾಗಿಟ್ಟು, ಮಂಡಿ ಮಡಚಿ ಎತ್ತಿ’ ಎಂಬ ಚಿತ್ರಪಟವನ್ನು ಗೋದಾಮುಗಳ ಗೋಡೆಯಲ್ಲಿ ಎಲ್ಲರೂ ಕಂಡಿರುತ್ತಾರೆ. ಸಲಹೆಯಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಸಮತಟ್ಟಾದ ನೆಲ. ಮೆಟ್ಟಿಲಿನ ಮೇಲೆ ಎರಡು ಪಾದಗಳು ಎರಡು ಎತ್ತರದಲ್ಲಿರುತ್ತವೆ, ಮೇಲಿನವನು ಹಿಮ್ಮುಖವಾಗಿ ಹತ್ತುತ್ತಿರುತ್ತಾನೆ, ಕೆಳಗಿನವನಿಗೆ ಹೊತ್ತ ವಸ್ತುವೇ ಅಡ್ಡವಾಗಿ ಮುಂದಿನ ಮೆಟ್ಟಿಲು ಕಾಣಿಸುವುದಿಲ್ಲ, ತಿರುವಿನಲ್ಲಿ ಬಗ್ಗುವುದು, ತಿರುಚುವುದು ಎರಡೂ ಒಟ್ಟಿಗೇ ಆಗುತ್ತವೆ. ಕೆಲಸಗಾರರಿಗೆ ಎತ್ತುವ ಕ್ರಮದ ತರಬೇತಿಯನ್ನಷ್ಟೇ ಕೊಟ್ಟರೆ ಬೆನ್ನುನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧಕರ ಜಾಲದ ವಿಮರ್ಶೆಗಳಿಗೆ ಪುರಾವೆ ಸಿಗಲಿಲ್ಲ. ಸೊಂಟಕ್ಕೆ ಬಿಗಿಯುವ ಬೆಲ್ಟಿನ ಕಥೆಯೂ ಇಷ್ಟೇ: ಆರೋಗ್ಯವಂತ ಕೆಲಸಗಾರರಿಗೆ ಅದು ರಕ್ಷಣೆ ಕೊಡುತ್ತದೆ ಎನ್ನಲು ಆಧಾರ ಸಾಲದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1994ರಲ್ಲೇ ಹೇಳಿತು. ಬೆಲ್ಟ್ ಕಟ್ಟಿದವನಿಗೆ ಇನ್ನಷ್ಟು ಹೊರಬಲ್ಲೆನೆಂಬ ಧೈರ್ಯ ಬಂದುಬಿಟ್ಟರೆ ಅದೇ ಹಾನಿ.

ಇದೇ ಸಂಸ್ಥೆಯ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲಕರವಾಗಿರುವ ಸ್ಥಿತಿಯಲ್ಲಿ, ಅಂದರೆ ಭಾರ ಮೈಗೆ ಹತ್ತಿರ, ಹಿಡಿತ ಭದ್ರ, ತಿರುಚುವಿಕೆ ಇಲ್ಲ ಎಂದಿರುವಾಗ, ಎತ್ತಬಹುದಾದ ಗರಿಷ್ಠ ತೂಕ 23 ಕೆ.ಜಿ. ಅನುಕೂಲ ಕಡಿಮೆಯಾದಷ್ಟೂ ಈ ಮಿತಿ ಇಳಿಯುತ್ತದೆ. ಮೆಟ್ಟಿಲನ್ನಂತೂ ಆ ಸೂತ್ರ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ವಯಸ್ಕ ಪುರುಷನಿಗೆ 55 ಕೆ.ಜಿ. ಮಿತಿಯನ್ನು ಶಿಫಾರಸು ಮಾಡಿತ್ತು. ನಮ್ಮ ಸಿಮೆಂಟ್ ಮೂಟೆ 50 ಕೆ.ಜಿ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 1948ರ ಕಾರ್ಖಾನೆಗಳ ಕಾಯಿದೆಯ 34ನೆಯ ಸೆಕ್ಷನ್ ವಿಧಿಸಿತ್ತಾದರೂ ಬಾಡಿಗೆ ಮನೆಯ ಮೆಟ್ಟಿಲು ಕಾರ್ಖಾನೆಯಲ್ಲವಲ್ಲ!

ಆದ್ದರಿಂದ ಭಾರವನ್ನು ಮೈಯಿಂದಲೇ ಇಳಿಸುವ ದಾರಿಗಳಿಗೆ ಮೊದಲ ಸ್ಥಾನ ಕೊಡಬೇಕು. ಆಮ್‌ಸ್ಟರ್‌ಡ್ಯಾಮಿನ ಹಳೆಯ ಕಾಲುವೆ ಬದಿಯ ಮನೆಗಳ ಮೆಟ್ಟಿಲು ತೀರಾ ಕಡಿದು, ತೀರಾ ಇಕ್ಕಟ್ಟು. ಹಾಗಾಗಿ ಅಲ್ಲಿನವರು ಮನೆ ಕಟ್ಟುವಾಗಲೇ ಮುಂಭಾಗದ ನೆತ್ತಿಯಲ್ಲಿ ಕೊಕ್ಕೆ ಇರುವ ತೊಲೆಯೊಂದನ್ನು ಹೊರಚಾಚಿ, ಸಾಮಾನನ್ನು ರಾಟೆ, ಹಗ್ಗಗಳಿಂದ ಕಿಟಕಿಯ ಮೂಲಕ ಒಳಕ್ಕೆ ತೆಗೆದುಕೊಳ್ಳುತ್ತಿದ್ದರು. ನಮ್ಮ ಊರುಗಳಲ್ಲೂ ಮಂಚವನ್ನು ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆದುಕೊಳ್ಳುವುದುಂಟು, ಆದರೆ ರಾಟೆಯಿಲ್ಲದೆ ಬರಿಗೈಯಲ್ಲಿ, ಕಂಬಿಯ ಮೇಲೆ ಬಗ್ಗಿ ಎಳೆದರೆ ಬೆನ್ನಿಗಾಗುವ ಲಾಭ ಅಷ್ಟಕ್ಕಷ್ಟೇ. ಪ್ರತಿ ಬದಿಯಲ್ಲೂ ಮೂರು ಚಕ್ರಗಳ ಗುಚ್ಛವಿರುವ ಮೆಟ್ಟಿಲು ಟ್ರಾಲಿ ಇನ್ನೊಂದು ದಾರಿ. ಒಂದು ಚಕ್ರ ಮೆಟ್ಟಿಲ ಅಂಚಿಗೆ ತಾಗಿದಾಗ ಗುಚ್ಛವೇ ತಿರುಗಿ ಮುಂದಿನ ಚಕ್ರ ಮೇಲಿನ ಮೆಟ್ಟಿಲಿಗೆ ಕೂರುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಎಳೆಯುವವನು ಭಾರಕ್ಕಿಂತ ಮೇಲೆಯೇ ಇರಬೇಕು, ಟ್ರಾಲಿಯ ಕೆಳಗಡೆ ಮೆಟ್ಟಿಲಿನ ಮೇಲೆ ಯಾರೂ ನಿಲ್ಲಬಾರದು. ಬೀರುವಿನ ಖಾನೆ, ಬಾಗಿಲು ಬಿಚ್ಚುವುದು, ಪುಸ್ತಕವನ್ನು ದೊಡ್ಡ ಪೆಟ್ಟಿಗೆಯ ಬದಲು ನಾಲ್ಕು ಸಣ್ಣ ಪೆಟ್ಟಿಗೆಗಳಲ್ಲಿ ತುಂಬುವುದು ಇವೆಲ್ಲ ಬೇಸರದ ಕೆಲಸಗಳು, ಮತ್ತು ಬಹುಶಃ ಅತ್ಯಂತ ಫಲಕಾರಿಯಾದವು.

ಹೊರಲೇಬೇಕಾಗಿ ಬಂದರೆ ದಾರಿಯನ್ನು ಮೊದಲು ಬರಿಗೈಯಲ್ಲಿ ಒಮ್ಮೆ ಹತ್ತಿ ನೋಡಿ ಚಪ್ಪಲಿ, ಹೂಕುಂಡ, ಒದ್ದೆಯನ್ನೆಲ್ಲ ತೆಗೆಸಬೇಕು. ‘ನಿಲ್ಲಿ’ ಎನ್ನುವ ಅಧಿಕಾರ ಕೆಳಗಿನವನಿಗಿರಬೇಕು. ಪ್ರತಿ ತಿರುವಿನಲ್ಲೂ ಭಾರವನ್ನು ನೆಲಕ್ಕಿಳಿಸಿ, ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಿ, ಆಮೇಲೆ ಎತ್ತಬೇಕು. ಕಾಲು ಜಾರಿ ಭಾರ ಕೈತಪ್ಪುವಂತಾದಾಗ ಅದನ್ನು ಹಿಡಿದುಳಿಸಲು ಹೋಗಬಾರದು, ಏಕೆಂದರೆ ಗಾಬರಿಯಲ್ಲಿ ಸ್ನಾಯುಗಳು ಅಗತ್ಯಕ್ಕಿಂತ ಹೆಚ್ಚು ಬಿಗಿಯುವುದರಿಂದಲೇ ಡಿಸ್ಕಿನ ಮೇಲೆ ದೊಡ್ಡ ಒತ್ತಡ ಬೀಳುತ್ತದೆ. ಉಳುಕಿದ ಸೊಂಟ ಬಹಳ ಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮೆಲ್ಲಗೆ ಓಡಾಡುತ್ತಿರುವುದೇ ಒಳ್ಳೆಯದು. ಆದರೆ ಕಾಲಿನ ಬಲ ಕುಂದಿದರೆ, ತೊಡೆಗಳ ನಡುವಿನ ಭಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಇಲ್ಲವೇ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಮನೆ ಸಾಮಾನು ಸಾಗಿಸುವ ಗುತ್ತಿಗೆದಾರರು ಫೋನಿನಲ್ಲಿ ಮೊದಲು ಕೇಳುವುದೇ ‘ಎಷ್ಟನೇ ಮಹಡಿ, ಲಿಫ್ಟ್ ಇದೆಯಾ?’ ಎಂದು. ಉತ್ತರವನ್ನು ನೋಡಿ ದರ ಏರಿಸುತ್ತಾರೆ. ಲಿಫ್ಟ್ ಇಲ್ಲವೆಂದು ಏರಿದ ಆ ದರದಲ್ಲಿ ಮೂರನೆಯ ಆಳು, ಒಂದು ಟ್ರಾಲಿ ಮತ್ತು ಎರಡು ಪಟ್ಟಿಗಳು ಬರುತ್ತವೆಯೇ ಎಂದು ಸಾಮಾನಿನ ಮಾಲೀಕರು ಅದೇ ಫೋನಿನಲ್ಲಿ ತಿರುಗಿ ಕೇಳಬಹುದು.